ಹಳೆಯ ಶೇರು ದರಗಳನ್ನು ಬ್ಯಾಕ್‌ಟೆಸ್ಟ್ ಸಾಫ್ಟ್‌ವೇರಿಗೆ ತುಂಬುವುದು ಹೇಗೆ: ಕರಾವಳಿಯ ಐದು ಬ್ಯಾಂಕುಗಳ ಡೇಟಾದೊಂದಿಗೆ ಸಮಗ್ರ ಮಾರ್ಗದರ್ಶಿ

ಬ್ಯಾಕ್‌ಟೆಸ್ಟ್ ಎಂದರೆ ಶೇರು ಕೊಳ್ಳುವ, ಮಾರುವ ತಂತ್ರವೊಂದನ್ನು ಹಳೆಯ ದರಗಳ ಮೇಲೆ ಓಡಿಸಿ ನೋಡುವುದು. ಅದರ ಸಾಫ್ಟ್‌ವೇರಿಗೆ ಹಳೆಯ ದರ ತುಂಬುವುದು ನಾಲ್ಕು ಕ್ಲಿಕ್ಕಿನ ಕೆಲಸ. ಆ ಕ್ಲಿಕ್ಕುಗಳಿಗೆ ಮೊದಲು ಡೇಟಾವನ್ನು ನೆಟ್ಟಗೆ ಮಾಡಿಕೊಳ್ಳುವುದೇ ನಿಜವಾದ ಕೆಲಸ. ಸಾಫ್ಟ್‌ವೇರ್ ಏನು ಕೊಟ್ಟರೂ ನುಂಗುತ್ತದೆ. ತಿಂಗಳು ದಿನ ಅದಲುಬದಲಾಗಿದ್ದರೂ, ಸ್ಪ್ಲಿಟ್ ಆದ (ಒಂದನ್ನು ಹಲವಾಗಿ ಒಡೆದ) ಶೇರು ಒಂದೇ ದಿನ ಶೇಕಡಾ 80 ಬಿದ್ದಂತೆ ಕಂಡರೂ, ಅದು ತಕರಾರು ಮಾಡದೆ ಲಾಭನಷ್ಟದ ಚಂದದ ಗ್ರಾಫ್ ಕೊಡುತ್ತದೆ. ತಪ್ಪು ಗೊತ್ತಾಗುವುದು ನಿಜವಾದ ದುಡ್ಡು ಹಾಕಿದ ಮೇಲೆ.

ಹಾಗಾಗಿ ಒಮ್ಮೆಗೇ ಎರಡು ಸಾವಿರ ಕಂಪನಿಗಳನ್ನು ತುಂಬಲು ಹೋಗಬೇಡಿ. ಮೊದಲು ಐದೇ ಶೇರು ತುಂಬಿ, ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿ. ಮಂಗಳೂರು–ಉಡುಪಿಯವರಿಗೆ ಇದಕ್ಕೆ ಒಳ್ಳೆಯ ಐದು ಹೆಸರುಗಳಿವೆ: ಕೆನರಾ ಬ್ಯಾಂಕ್ (1906, ಮಂಗಳೂರು), ಕಾರ್ಪೊರೇಷನ್ ಬ್ಯಾಂಕ್ (1906, ಉಡುಪಿ), ಕರ್ಣಾಟಕ ಬ್ಯಾಂಕ್ (1924, ಮಂಗಳೂರು), ಸಿಂಡಿಕೇಟ್ ಬ್ಯಾಂಕ್ (1925, ಉಡುಪಿ), ವಿಜಯಾ ಬ್ಯಾಂಕ್ (1931, ಮಂಗಳೂರು). ಅಭಿಮಾನಕ್ಕೆ ಆರಿಸಿದ್ದಲ್ಲ. ಸ್ಪ್ಲಿಟ್, ಬೋನಸ್ (ಉಚಿತವಾಗಿ ಕೊಡುವ ಹೆಚ್ಚುವರಿ ಶೇರು), ರೈಟ್ಸ್ (ಇರುವ ಶೇರುದಾರರಿಗೆ ನಿಗದಿತ ದರದಲ್ಲಿ ಕೊಡುವ ಹೊಸ ಶೇರು), ವಿಲೀನ, ಹೀಗೆ ಡೇಟಾ ಕೆಡಿಸುವ ಬಹುತೇಕ ಎಲ್ಲ ಸಂಗತಿಗಳೂ ಈ ಐದರಲ್ಲೇ ಸಿಗುತ್ತವೆ. ಇವು ಸರಿಯಾಗಿ ಕೂತರೆ ಉಳಿದವೂ ಕೂರುತ್ತವೆ.

ಮೊದಲ ತಯಾರಿ

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಮಿಬ್ರೋಕರ್ ಎಂಬ ಬ್ಯಾಕ್‌ಟೆಸ್ಟ್ ಸಾಫ್ಟ್‌ವೇರ್. ನಮ್ಮಲ್ಲಿ ದಿನದ ಡೇಟಾ ಇಟ್ಟುಕೊಂಡು ಪರೀಕ್ಷೆ ಮಾಡುವವರು ಬಹಳ ಮಂದಿ ಬಳಸುವುದು ಅದನ್ನೇ. ಪೈಥಾನ್‌ನಲ್ಲಿ ಮಾಡುವವರಿಗೆ ಬೇಕಾದದ್ದು ಕೊನೆಯ ಕಡೆ ಇದೆ. ಡೇಟಾ ಶುದ್ಧಮಾಡುವ ಭಾಗ ಇಬ್ಬರಿಗೂ ಒಂದೇ.

ಕಂಪ್ಯೂಟರಿನಲ್ಲಿ ಮೂರು ಫೋಲ್ಡರ್ ಮಾಡಿ. ಒಂದರಲ್ಲಿ ಡೌನ್‌ಲೋಡ್ ಮಾಡಿದ ಮೂಲ ಫೈಲುಗಳು. ಇವನ್ನು ಯಾವತ್ತೂ ತಿದ್ದಬಾರದು. ಎರಡನೆಯದರಲ್ಲಿ ಕಾಲಂ, ದಿನಾಂಕ ಒಂದೇ ರೂಪಕ್ಕೆ ತಂದ ಫೈಲುಗಳು. ಮೂರನೆಯದರಲ್ಲಿ ಬೋನಸ್, ಸ್ಪ್ಲಿಟ್ ಸರಿಹೊಂದಿಸಿದ, ಸಾಫ್ಟ್‌ವೇರಿಗೆ ಹೋಗುವ ಫೈಲುಗಳು. ಅತಿಯಾಯಿತು ಅನಿಸಬಹುದು. ಆದರೆ ಮುಂದಿನ ವರ್ಷ ಯಾವುದೋ ಶೇರು ಸ್ಪ್ಲಿಟ್ ಆದಾಗ ಅದರ ಹಿಂದಿನ ದರಗಳನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ಮೂಲ ಕೈಯಲ್ಲಿಲ್ಲದಿದ್ದರೆ ಪುನಃ ಸೊನ್ನೆಯಿಂದ ಡೌನ್‌ಲೋಡ್.

ಡೇಟಾ ಎಲ್ಲಿಂದ

ನಂಬಬಹುದಾದ ಮೂಲ ಎನ್‌ಎಸ್‌ಇಯ (ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್) ಭಾವ್‌ಕಾಪಿ. ಪ್ರತಿ ವಹಿವಾಟಿನ ದಿನ ಸಂಜೆ ಎಕ್ಸ್‌ಚೇಂಜ್ ತನ್ನ ಜಾಲತಾಣದಲ್ಲಿ ಒಂದು ಜಿಪ್ ಫೈಲ್ ಹಾಕುತ್ತದೆ. ಆ ದಿನ ಟ್ರೇಡ್ ಆದ ಎಲ್ಲ ಶೇರುಗಳ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ದರ ಮತ್ತು ವಾಲ್ಯೂಮ್ (ಕೈಬದಲಾದ ಶೇರುಗಳ ಸಂಖ್ಯೆ) ಅದರಲ್ಲಿರುತ್ತದೆ. ಉಚಿತ. ಹತ್ತು ವರ್ಷಕ್ಕೆ ಸುಮಾರು 2,470 ಫೈಲುಗಳಾಗುತ್ತವೆ. ವರ್ಷಕ್ಕೆ 245ರಿಂದ 250 ವಹಿವಾಟಿನ ದಿನ ಎಂಬ ಲೆಕ್ಕ.

2024ರ ಜುಲೈ 8ರಿಂದ ಭಾವ್‌ಕಾಪಿಯ ರೂಪವೇ ಬದಲಾಗಿದೆ. ಅದಕ್ಕೆ ಮೊದಲಿನ ಫೈಲಿನಲ್ಲಿ 13 ಕಾಲಂಗಳು: ಸಿಂಬಲ್ (ಶೇರಿನ ಸಂಕೇತನಾಮ), ಸೀರೀಸ್ (ಶೇರಿನ ವಹಿವಾಟಿನ ವರ್ಗ), ಓಪನ್, ಹೈ, ಲೋ, ಕ್ಲೋಸ್, ಲಾಸ್ಟ್, ಹಿಂದಿನ ಕ್ಲೋಸ್, ಒಟ್ಟು ಪ್ರಮಾಣ, ಒಟ್ಟು ಮೌಲ್ಯ, ದಿನಾಂಕ, ಟ್ರೇಡ್ ಸಂಖ್ಯೆ, ಐಸಿನ್ (ಪ್ರತಿ ಶೇರಿನ ಗುರುತಿನ ಸಂಖ್ಯೆ). ದಿನಾಂಕ ‘01-ಜನವರಿ-2024’ರ ಮಾದರಿಯಲ್ಲಿ, ತಿಂಗಳು ಇಂಗ್ಲಿಷಿನ ಮೂರಕ್ಷರದಲ್ಲಿ. ಪ್ರತಿ ಸಾಲಿನ ಕೊನೆಯಲ್ಲಿ ಒಂದು ಹೆಚ್ಚುವರಿ ಅಲ್ಪವಿರಾಮ ಇರುವುದರಿಂದ ಹಲವು ಪ್ರೋಗ್ರಾಂಗಳಿಗೆ ಹದಿನಾಲ್ಕನೆಯ ಖಾಲಿ ಕಾಲಂ ಕಾಣುತ್ತದೆ. ಹೊಸ ಯೂಡಿಫ್ ರೂಪದಲ್ಲಿ 34 ಕಾಲಂಗಳಿವೆ. ದಿನಾಂಕ 2024-07-08ರ ಹಾಗೆ, ವರ್ಷ ಮೊದಲು. ಸಿಂಬಲ್ 8ನೆಯ ಕಾಲಂ, ಸೀರೀಸ್ 9ನೆಯದು, ನಾಲ್ಕು ದರಗಳು 15ರಿಂದ 18, ವಾಲ್ಯೂಮ್ 25. ಶೀರ್ಷಿಕೆಗಳಲ್ಲಿ ಸ್ವರಗಳನ್ನೆಲ್ಲ ನುಂಗಿ ಬರೆದಿದ್ದಾರೆ. ಎರಡು ಸಲ ನೋಡಿದರೆ ಅರ್ಥವಾಗುತ್ತದೆ.

ಕಾಲಂಗಳನ್ನು ಸ್ಥಾನ ಎಣಿಸಿ ಅಲ್ಲ, ಶೀರ್ಷಿಕೆಯ ಹೆಸರಿನಿಂದ ಓದಿ. ಮುಂದೆ ಎಕ್ಸ್‌ಚೇಂಜ್ ನಡುವೆ ಒಂದು ಕಾಲಂ ಸೇರಿಸಿದರೂ ನಿಮ್ಮ ಸ್ಕ್ರಿಪ್ಟ್ ಕ್ಲೋಸ್ ಜಾಗದಲ್ಲಿ ಬೇರೇನನ್ನೋ ಓದುವುದಿಲ್ಲ. ಹೆಸರು ಸಿಗದಿದ್ದರೆ ನಿಂತು ಹೇಳುತ್ತದೆ.

ಲಾಸ್ಟ್ ಮತ್ತು ಕ್ಲೋಸ್ ಒಂದೇ ಅಲ್ಲ. ಹಳೆಯ ಡೇಟಾದ ಮಟ್ಟಿಗೆ ಎನ್‌ಎಸ್‌ಇಯ ಕ್ಲೋಸ್ ಎಂದರೆ ಮಧ್ಯಾಹ್ನ 3ರಿಂದ 3.30ರವರೆಗಿನ ಟ್ರೇಡುಗಳ ತೂಕದ ಸರಾಸರಿ. ಲಾಸ್ಟ್ ಎಂದರೆ ಕಟ್ಟಕಡೆಯ ಟ್ರೇಡ್ ನಡೆದ ದರ. ದಿನದ ಬ್ಯಾಕ್‌ಟೆಸ್ಟಿಗೆ ಕ್ಲೋಸ್ ಬಳಸುವುದು ರೂಢಿ. ಆದರೆ ‘ಮುಕ್ತಾಯ ದರದಲ್ಲೇ ಕೊಂಡೆ’ ಎಂದು ಪರೀಕ್ಷೆ ಹೇಳಿದಾಗ, ಆ ದರದಲ್ಲಿ 3.30ಕ್ಕೆ ನಿಜವಾಗಿ ಶೇರು ಸಿಕ್ಕಿರಲೇಬೇಕೆಂದಿಲ್ಲ. ಮರುದಿನದ ಓಪನ್‌ನಲ್ಲಿ ಕೊಂಡಂತೆ ಪರೀಕ್ಷಿಸುವುದು ಹೆಚ್ಚು ಪ್ರಾಮಾಣಿಕ.

ಯಾಹೂ ಫೈನಾನ್ಸ್‌ನಂಥ ಕಡೆ ಸಿಗುವ ದರಗಳು ಬೇಗ ಕೈಗೆ ಬರುತ್ತವೆ. ಸಿಂಬಲ್ ಕೊನೆಗೆ ಚುಕ್ಕಿ ಇಟ್ಟು ಎನ್‌ಎಸ್ ಸೇರಿಸಿದರೆ ಸಾಕು. ಆದರೆ ಅಲ್ಲಿ ಕ್ಲೋಸ್ ಆಗಲೇ ಸ್ಪ್ಲಿಟ್‌ಗೆ ಸರಿಹೊಂದಿಸಿದ್ದು. ಅಡ್ಜಸ್ಟೆಡ್ ಕ್ಲೋಸ್‌ನಲ್ಲಿ ಡಿವಿಡೆಂಡ್ ಕೂಡ ಕಳೆದಿರುತ್ತದೆ. ಗೊತ್ತಿಲ್ಲದೆ ಅದರ ಮೇಲೆ ನೀವೂ ಸರಿಹೊಂದಿಸಿದರೆ 2024ರ ಸ್ಪ್ಲಿಟ್‌ನಿಂದ ಐದನೆಯ ಒಂದು ಪಾಲಾಗಬೇಕಾದ ಕೆನರಾ ಬ್ಯಾಂಕ್ ದರ ಇಪ್ಪತ್ತೈದನೆಯ ಒಂದು ಪಾಲಾಗುತ್ತದೆ. ಎರಡು ಮೂಲಗಳನ್ನು ಬೆರೆಸಬೇಡಿ. ಯಾಹೂ ದರವನ್ನು ತಾಳೆ ನೋಡಲಿಕ್ಕೆ ಮಾತ್ರ ಇಟ್ಟುಕೊಳ್ಳಿ.

ಎಕ್ಸೆಲ್ ಬೇಡ

ಕಾಮಾ ಹಾಕಿ ಕಾಲಂ ಬೇರ್ಪಡಿಸಿದ (ಸಿಎಸ್‌ವಿ) ಫೈಲ್ ಕಂಡ ಕೂಡಲೇ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯುವುದು, ಒಂದು ಕಾಲಂ ಅಳಿಸಿ ಸೇವ್ ಮಾಡುವುದು ಎಲ್ಲರ ಅಭ್ಯಾಸ. ಡೇಟಾ ಕೆಡುವುದು ಹೆಚ್ಚಾಗಿ ಇಲ್ಲೇ.

ಕಂಪ್ಯೂಟರಿನ ದಿನಾಂಕ ವ್ಯವಸ್ಥೆ ಅಮೆರಿಕದ್ದಾಗಿದ್ದರೆ 03-04-2023 ಎಂಬುದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 13-04-2023 ಮಾತ್ರ ಹಾಗೇ ಪಠ್ಯವಾಗಿ ಉಳಿಯುತ್ತದೆ, ಯಾಕೆಂದರೆ 13ನೆಯ ತಿಂಗಳು ಇಲ್ಲ. ಅಂದರೆ ಪ್ರತಿ ತಿಂಗಳ ಮೊದಲ 12 ದಿನಗಳು ಚದುರಿ ಬೇರೆ ತಿಂಗಳುಗಳಿಗೆ ಹೋಗುತ್ತವೆ, ಉಳಿದವು ಸರಿ ಇರುತ್ತವೆ. ಚಾರ್ಟಿನಲ್ಲಿ ನೋಡಿದರೆ ಪ್ರತಿ ತಿಂಗಳ ಆರಂಭದಲ್ಲಿ ದರ ಹುಚ್ಚುಹುಚ್ಚಾಗಿ ಜಿಗಿದಂತೆ ಕಾಣುತ್ತದೆ. ಆ ಆಕಾರ ಕಂಡರೆ ಬೇರೆ ಕಾರಣ ಹುಡುಕಬೇಡಿ, ದಿನಾಂಕವೇ.

ಇನ್ನೊಂದು: ಎಕ್ಸೆಲ್‌ನ ಒಂದು ಹಾಳೆ 10,48,576 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಹತ್ತು ವರ್ಷದ ಎಲ್ಲ ಶೇರುಗಳನ್ನು ಒಂದೇ ಫೈಲಿಗೆ ಸೇರಿಸಿದರೆ ಅಂದಾಜು ಐವತ್ತು ಲಕ್ಷ ಸಾಲು. ಅದನ್ನು ತೆರೆದು, ಎಚ್ಚರಿಕೆಯ ಸಂದೇಶ ಓದದೆ ಸೇವ್ ಒತ್ತಿದರೆ ಉಳಿದದ್ದೆಲ್ಲ ಹೋಯಿತು. ನೋಡಲೇಬೇಕಾದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಪಠ್ಯ ಸಂಪಾದಕದಲ್ಲಿ ನೋಡಿ. ತಿದ್ದುವುದನ್ನು ಸ್ಕ್ರಿಪ್ಟಿನಿಂದ ಮಾಡಿ.

ಒಂದೇ ರೂಪಕ್ಕೆ ತರುವುದು

ಎರಡನೆಯ ಫೋಲ್ಡರಿಗೆ ಹೋಗುವ ಫೈಲಿನಲ್ಲಿ ಇಷ್ಟು ಸಾಕು: ಸಿಂಬಲ್, ದಿನಾಂಕ (ವರ್ಷ-ತಿಂಗಳು-ದಿನ), ಓಪನ್, ಹೈ, ಲೋ, ಕ್ಲೋಸ್, ವಾಲ್ಯೂಮ್, ಸೀರೀಸ್, ಐಸಿನ್. ದಿನಾಂಕ ಹಳೆಯದರಿಂದ ಹೊಸದಕ್ಕೆ.

ಸೀರೀಸ್ ಆಯ್ಕೆಯಲ್ಲಿ ಅವಸರ ಬೇಡ. ಸಾಮಾನ್ಯ ಶೇರುಗಳು ‘ಈಕ್ಯೂ’ ಸೀರೀಸಿನಲ್ಲಿರುತ್ತವೆ ಎಂದು ಅದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಸಾಡುವವರು ಬಹಳ. ಆದರೆ ನಿಗಾದಡಿ ಬಂದ ಶೇರನ್ನು ಎಕ್ಸ್‌ಚೇಂಜ್ ‘ಬಿಇ’ ಸೀರೀಸಿಗೆ ಕಳಿಸುತ್ತದೆ. ಅಲ್ಲಿ ಡೆಲಿವರಿ ಕಡ್ಡಾಯ, ಕೊಂಡ ದಿನವೇ ಮಾರುವ ಹಾಗಿಲ್ಲ. ‘ಈಕ್ಯೂ’ ಮಾತ್ರ ಇಟ್ಟರೆ ಆ ವಾರ, ತಿಂಗಳುಗಳು ಡೇಟಾದಿಂದ ಮಾಯ. ಶೇರು ಬಿದ್ದ ಅವಧಿಯೇ ಕಾಣೆಯಾದಾಗ ಪರೀಕ್ಷೆಯ ಫಲ ಚೆನ್ನಾಗಿರದೆ ಇನ್ನೇನು? ‘ಈಕ್ಯೂ’, ‘ಬಿಇ’, ‘ಬಿಜ಼ೆಡ್’ (ಕೊನೆಯದು ಎಕ್ಸ್‌ಚೇಂಜ್ ನಿಯಮ ಪಾಲಿಸದ ಕಂಪನಿಗಳದ್ದು) ಮೂರನ್ನೂ ಇಟ್ಟುಕೊಳ್ಳಿ. ಯಾವ ದಿನ ಯಾವ ಸೀರೀಸ್ ಎಂಬುದು ಕಾಲಂನಲ್ಲಿ ಇರಲಿ. ಇಂಟ್ರಾಡೇ (ಕೊಂಡ ದಿನವೇ ಮಾರುವ) ತಂತ್ರವಾದರೆ ‘ಬಿಇ’ ದಿನಗಳಲ್ಲಿ ಟ್ರೇಡ್ ಬೇಡ ಎಂದು ನಿಯಮದಲ್ಲಿ ಬರೆಯಿರಿ.

ಶನಿವಾರ, ಭಾನುವಾರಗಳನ್ನು ಕ್ಯಾಲೆಂಡರ್ ನೋಡಿ ಅಳಿಸಬೇಡಿ. 2020ರ ಫೆಬ್ರವರಿ 1 ಮತ್ತು 2025ರ ಫೆಬ್ರವರಿ 1 ಎರಡೂ ಶನಿವಾರ, ಬಜೆಟ್ ಕಾರಣ ಪೂರ್ತಿ ವಹಿವಾಟು ನಡೆದಿದೆ. 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಲ್ಲಿ ವಿಪತ್ತಿನ ಹೊತ್ತಿಗೆಂದು ಇಟ್ಟ ಪರ್ಯಾಯ ವ್ಯವಸ್ಥೆ ಪರೀಕ್ಷಿಸಲು ಚಿಕ್ಕ ವಿಶೇಷ ಅಧಿವೇಶನ ನಡೆಯಿತು. ದೀಪಾವಳಿಯ ಮುಹೂರ್ತ ಟ್ರೇಡಿಂಗ್ ಕೂಡ ಒಂದು ದಿನದ ಸಾಲಾಗಿಯೇ ಬರುತ್ತದೆ, ವಾಲ್ಯೂಮ್ ಮಾತ್ರ ಕಡಿಮೆ. ನಿಮ್ಮ ತಂತ್ರ ವಾಲ್ಯೂಮ್ ಸರಾಸರಿ ನೋಡುವುದಾದರೆ ಮುಹೂರ್ತದ ಸಾಲು ತೊಂದರೆ ಕೊಡಬಹುದು. ಅಂಥ ದಿನಗಳ ಪಟ್ಟಿ ಬೇರೆ ಇಟ್ಟುಕೊಂಡು ತೀರ್ಮಾನಿಸಿ.

ಹೆಸರು ಬದಲಾವಣೆ ಇನ್ನೊಂದು ತಲೆನೋವು. ಇನ್ಫೋಸಿಸ್ ಸಿಂಬಲ್ 2011ರಲ್ಲಿ ಬದಲಾಯಿತು, ಜೊಮ್ಯಾಟೊ 2025ರಲ್ಲಿ ಎಟರ್ನಲ್ ಆಯಿತು. ಸಿಂಬಲ್ ಮಾತ್ರ ನೋಡಿ ಸೇರಿಸಿದರೆ ಒಂದೇ ಕಂಪನಿ ಎರಡು ತುಂಡಾಗುತ್ತದೆ. ಹಾಗಾದರೆ ಐಸಿನ್ ಹಿಡಿದು ಸೇರಿಸೋಣ ಎಂದರೆ ಅದೂ ಪೂರ್ತಿ ಆಗದು: ಮುಖಬೆಲೆ ಬದಲಾದಾಗ ಐಸಿನ್ ಬದಲಾಗುತ್ತದೆ. ಕೆನರಾ ಬ್ಯಾಂಕ್ ಐಸಿನ್ 2024ರ ಸ್ಪ್ಲಿಟ್‌ನೊಂದಿಗೆ ಬದಲಾಯಿತು, ಸಿಂಬಲ್ ಹಾಗೇ ಉಳಿಯಿತು. ಉಪಾಯ ಇಷ್ಟೇ: ಇವತ್ತು ಸಿಂಬಲ್ ಅಥವಾ ಐಸಿನ್ ಎರಡರಲ್ಲಿ ಯಾವುದಾದರೂ ಒಂದು ನಿನ್ನೆಯದರೊಂದಿಗೆ ಕೂಡಿದರೆ ಅದೇ ಕಂಪನಿ. ಪ್ರತಿ ಕಂಪನಿಗೂ ನಿಮ್ಮದೇ ಒಂದು ಸಂಖ್ಯೆ ಕೊಟ್ಟು ಈ ಸರಪಳಿಯನ್ನು ಒಂದು ಚಿಕ್ಕ ಪಟ್ಟಿಯಲ್ಲಿ ಬರೆದಿಡಿ. ತೀರಾ ಹಳೆಯ ಫೈಲುಗಳಲ್ಲಿ ಐಸಿನ್ ಕಾಲಂ ಇರುವುದಿಲ್ಲ. ಅಲ್ಲಿಗೆ ಎಕ್ಸ್‌ಚೇಂಜ್ ಕೊಡುವ ಸಿಂಬಲ್ ಬದಲಾವಣೆ ಪಟ್ಟಿಯೇ ಗತಿ.

ಸ್ಪ್ಲಿಟ್, ಬೋನಸ್, ರೈಟ್ಸ್: ಕೈಯಲ್ಲಿ ಮಾಡುವ ಲೆಕ್ಕ

ಭಾವ್‌ಕಾಪಿಯ ದರ ಆ ದಿನ ಟ್ರೇಡ್ ಆದ ದರ. ನಂತರ ನಡೆದ ಸ್ಪ್ಲಿಟ್ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಪ್ರತಿ ಘಟನೆಗೂ ಒಂದು ಗುಣಕ ಕಂಡುಹಿಡಿದು, ಎಕ್ಸ್-ಡೇಟ್‌ಗೆ (ಶೇರು ಆ ಲಾಭವಿಲ್ಲದೆ ಟ್ರೇಡ್ ಆಗುವ ಮೊದಲ ದಿನ) ಹಿಂದಿನ ಎಲ್ಲ ದರಗಳನ್ನೂ ಅದರಿಂದ ಗುಣಿಸಬೇಕು, ವಾಲ್ಯೂಮನ್ನು ಅದರಿಂದಲೇ ಭಾಗಿಸಬೇಕು. ಎಕ್ಸ್-ಡೇಟ್‌ನ ದಿನವನ್ನು ಮುಟ್ಟಬಾರದು. ಆ ದಿನದ ದರ ಆಗಲೇ ಹೊಸದು.

ಸ್ಪ್ಲಿಟ್: ಹೊಸ ಮುಖಬೆಲೆಯನ್ನು ಹಳೆಯ ಮುಖಬೆಲೆಯಿಂದ ಭಾಗಿಸಿ. ಕೆನರಾ ಬ್ಯಾಂಕ್ 2024ರ ಮೇ 15ರಂದು ₹10ರ ಶೇರನ್ನು ₹2ರ ಐದು ಶೇರುಗಳಾಗಿ ಒಡೆಯಿತು. ಗುಣಕ 2 ಭಾಗಿಸು 10, ಅಂದರೆ 0.2. 2023ರಲ್ಲಿ ₹300 ಇದ್ದ ದರ ₹60 ಆಗುತ್ತದೆ, 10 ಲಕ್ಷ ವಾಲ್ಯೂಮ್ 50 ಲಕ್ಷವಾಗುತ್ತದೆ.

ಬೋನಸ್: ಕೈಯಲ್ಲಿದ್ದ ಶೇರುಗಳನ್ನು ಬೋನಸ್ ಸೇರಿದ ಒಟ್ಟು ಶೇರುಗಳಿಂದ ಭಾಗಿಸಿ. ಕರ್ಣಾಟಕ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹತ್ತಕ್ಕೆ ಒಂದು ಬೋನಸ್ ಕೊಟ್ಟಿತು. 10 ಭಾಗಿಸು 11, ಅಂದರೆ 0.9091. ಇಲ್ಲಿ ‘1:10’ ಎಂದು ಬರೆದದ್ದನ್ನು ಕಂಡು 0.1 ಎಂದು ತೆಗೆದುಕೊಂಡವರಿದ್ದಾರೆ. ಬೋನಸ್‌ನಲ್ಲಿ ಮೊದಲ ಅಂಕಿ ಹೊಸ ಶೇರು, ಎರಡನೆಯದು ಕೈಯಲ್ಲಿರಬೇಕಾದದ್ದು.

ರೈಟ್ಸ್: ಇದನ್ನು ಉಚಿತ ಮೂಲಗಳು ಹೆಚ್ಚಾಗಿ ಬಿಟ್ಟೇಬಿಡುತ್ತವೆ. ಕರ್ಣಾಟಕ ಬ್ಯಾಂಕ್ 2016ರಲ್ಲಿ ಎರಡು ಶೇರಿಗೆ ಒಂದರಂತೆ ₹70ಕ್ಕೆ ರೈಟ್ಸ್ ಕೊಟ್ಟಿತು. ಎಕ್ಸ್-ಡೇಟ್‌ನ ಹಿಂದಿನ ದಿನದ ಮುಕ್ತಾಯ ₹150 ಎಂದಿಟ್ಟುಕೊಳ್ಳಿ (ಲೆಕ್ಕಕ್ಕಾಗಿ ಮಾತ್ರ, ನೀವು ಭಾವ್‌ಕಾಪಿಯಲ್ಲಿರುವ ದರ ಹಾಕಿ). ಎರಡು ಹಳೆಯ ಶೇರು ₹300, ಒಂದು ಹೊಸದು ₹70, ಮೂರು ಸೇರಿ ₹370. ಒಂದಕ್ಕೆ ₹123.33. ಇದನ್ನು 150ರಿಂದ ಭಾಗಿಸಿದರೆ ಗುಣಕ 0.8222.

ಹಿಂದೆ ಹಿಂದೆ ಹೋದಂತೆ ಗುಣಕಗಳು ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ. ಕರ್ಣಾಟಕ ಬ್ಯಾಂಕಿನ ರೈಟ್ಸ್‌ಗೂ ಹಿಂದಿನ ದರಗಳಿಗೆ 0.8222 ಗುಣಿಸು 0.9091, ಅಂದರೆ 0.7475. ಆ ₹150 ಈಗ ₹112.12. ಸರಿಹೊಂದಿಸಿದ ದರವನ್ನು ಎರಡು ದಶಮಾಂಶಕ್ಕೆ ಕತ್ತರಿಸಬೇಡಿ, ನಾಲ್ಕು ಇಡಿ. ಹಲವು ಸಲ ಬೋನಸ್ ಕೊಟ್ಟ ಕಂಪನಿಗಳ ಇಪ್ಪತ್ತು ವರ್ಷ ಹಿಂದಿನ ದರ ಕೆಲವೇ ರೂಪಾಯಿಗೆ ಇಳಿದಿರುತ್ತದೆ. ಪೈಸೆ ಕತ್ತರಿಸಿದರೆ ಶೇಕಡಾವಾರು ಲೆಕ್ಕವೇ ಏರುಪೇರು.

ಎಕ್ಸ್-ಡೇಟ್ ಬದಲು ರೆಕಾರ್ಡ್ ಡೇಟ್ (ಶೇರು ಯಾರ ಹೆಸರಿನಲ್ಲಿದೆ ಎಂದು ಕಂಪನಿ ನೋಡುವ ದಿನ) ಹಾಕುವುದು ಸಾಮಾನ್ಯ ತಪ್ಪು. ಟಿ+2 (ಟ್ರೇಡ್ ಆದ ಮೇಲೆ ಎರಡನೆಯ ವಹಿವಾಟಿನ ದಿನ ಶೇರು ಖಾತೆಗೆ ಬರುವ ಪದ್ಧತಿ) ಇದ್ದ ಕಾಲದಲ್ಲಿ ಎಕ್ಸ್-ಡೇಟ್ ರೆಕಾರ್ಡ್ ಡೇಟ್‌ಗಿಂತ ಒಂದು ವಹಿವಾಟಿನ ದಿನ ಮೊದಲು ಬರುತ್ತಿತ್ತು. 2023ರ ಜನವರಿ 27ರಿಂದ ಎಲ್ಲ ಶೇರುಗಳೂ ಟಿ+1 ಆದ ಮೇಲೆ ಎರಡೂ ಒಂದೇ ದಿನ. ಹಳೆಯ ಘಟನೆಗಳಿಗೆ ಹೊಸ ನಿಯಮ ಹಚ್ಚಿದರೆ ಒಂದು ದಿನ ಜಾರಿ, ಚಾರ್ಟಿನಲ್ಲಿ ಒಂದೇ ದಿನದ ಕೆಳಮುಖ ಮುಳ್ಳೊಂದು ಉಳಿಯುತ್ತದೆ. ಸ್ಟಾಪ್‌ಲಾಸ್ (ಇಷ್ಟು ಬಿದ್ದರೆ ಮಾರು ಎನ್ನುವ) ತಂತ್ರಗಳು ಅದಕ್ಕೇ ಸಿಕ್ಕಿ ಹೊರಬೀಳುತ್ತವೆ.

ಘಟನೆಗಳ ಪಟ್ಟಿ ಎಕ್ಸ್‌ಚೇಂಜ್‌ನ ಕಾರ್ಪೊರೇಟ್ ಆಕ್ಷನ್ ಪುಟದಿಂದ ತೆಗೆದುಕೊಳ್ಳಿ. ‘ದರ ಒಮ್ಮೆಗೇ ಬಿದ್ದ ಕಡೆ ಸ್ಪ್ಲಿಟ್’ ಎಂದು ಊಹಿಸುವ ಸ್ಕ್ರಿಪ್ಟ್ ಸಾಕಾಗುವುದಿಲ್ಲ. ಕರ್ಣಾಟಕ ಬ್ಯಾಂಕಿನ ಬೋನಸ್ ಬಂದದ್ದು ಕೋವಿಡ್ ಕುಸಿತದ ತಿಂಗಳಲ್ಲಿ. ನಿಫ್ಟಿಯೇ ಮಾರ್ಚ್ 23ರಂದು ಸುಮಾರು ಶೇಕಡಾ 13 ಬಿದ್ದ ಕಾಲದಲ್ಲಿ ಬೋನಸ್ಸಿನ ಶೇಕಡಾ 9 ಯಾರ ಕಣ್ಣಿಗೂ ಬೀಳದು. ಎದುರು ಉದಾಹರಣೆಯೂ ಇದೆ: 2020ರ ಮಾರ್ಚ್ 6ರಂದು ಯೆಸ್ ಬ್ಯಾಂಕ್ ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಬಿತ್ತು. ಅದು ನಿಜವಾದ ನಷ್ಟ. ಊಹಿಸುವ ಸ್ಕ್ರಿಪ್ಟ್ ಅದನ್ನು ಸ್ಪ್ಲಿಟ್ ಎಂದು ಒರೆಸಿಹಾಕುತ್ತದೆ.

ಇನ್ನು, ಸರಿಹೊಂದಿಸಿದ ದರದ ಜೊತೆಗೆ ಮೂಲ ಕ್ಲೋಸ್ ಅನ್ನೂ ಒಂದು ಕಾಲಂನಲ್ಲಿ ಇಡಿ. ‘₹100ಕ್ಕಿಂತ ಮೇಲಿನ ಶೇರು ಮಾತ್ರ’ ಎಂಬ ನಿಯಮ ಬರೆದಿದ್ದೀರಿ ಎನ್ನಿ. 2023ರಲ್ಲಿ ಕೆನರಾ ಬ್ಯಾಂಕ್ ₹300 ಇತ್ತು, ಫೈಲಿನಲ್ಲಿ ₹60 ಇದೆ. ಮುಂದಿನ ವರ್ಷದ ಸ್ಪ್ಲಿಟ್ ಹಿಂದಿನ ವರ್ಷದ ಆಯ್ಕೆಯನ್ನು ಬದಲಿಸಿತು. ದರದ ಮಿತಿ ಹಾಕುವ ನಿಯಮಗಳೆಲ್ಲ ಮೂಲ ಕ್ಲೋಸ್ ಮೇಲೆ ನಡೆಯಬೇಕು.

ಅಮಿಬ್ರೋಕರ್‌ಗೆ ತುಂಬುವುದು

1. ಫೈಲ್ ಮೆನುವಿನಲ್ಲಿ ನ್ಯೂ, ಅದರಲ್ಲಿ ಡೇಟಾಬೇಸ್. ಹೊಸ ಫೋಲ್ಡರಿನ ಹೆಸರು ಕೊಟ್ಟು ಕ್ರಿಯೇಟ್ ಒತ್ತಿ. ಡೇಟಾ ಸೋರ್ಸ್ ‘ಲೋಕಲ್ ಡೇಟಾಬೇಸ್’, ಬೇಸ್ ಟೈಮ್ ಇಂಟರ್ವಲ್ ‘ಎಂಡ್ ಆಫ್ ಡೇ’. ನಿಮಿಷದ ಡೇಟಾಕ್ಕೆ ಬೇರೆಯೇ ಡೇಟಾಬೇಸ್ ಮಾಡಿ.

2. ಫೈಲ್ ಮೆನುವಿನ ಇಂಪೋರ್ಟ್ ವಿಝರ್ಡ್ ತೆರೆದು ಫೈಲ್ ಆರಿಸಿ. ಮುಂದಿನ ಪುಟದಲ್ಲಿ ಕಾಲಂಗಳನ್ನು ಕ್ರಮವಾಗಿ ಗುರುತಿಸಿ: ಟಿಕರ್ (ಸಿಂಬಲ್), ಡೇಟ್ ವೈಎಂಡಿ, ಓಪನ್, ಹೈ, ಲೋ, ಕ್ಲೋಸ್, ವಾಲ್ಯೂಮ್, ಆಕ್ಸ್ 1. ಈ ಆಕ್ಸ್ 1 ಮೂಲ ಕ್ಲೋಸ್‌ಗೆ. ಸೀರೀಸ್, ಐಸಿನ್ ಉಳಿದಿದ್ದರೆ ‘ಸ್ಕಿಪ್’.

3. ಸೆಪರೇಟರ್ ಅಲ್ಪವಿರಾಮ, ಸ್ಕಿಪ್ ಲೈನ್ಸ್ 1. ಶೀರ್ಷಿಕೆ ಸಾಲನ್ನು ಬಿಡಲು ಇದು.

4. ‘ಆಟೋಮ್ಯಾಟಿಕಲಿ ಆ್ಯಡ್ ನ್ಯೂ ಸಿಂಬಲ್ಸ್’ ಗುರುತು ಹಾಕಲೇಬೇಕು. ಹಾಕದಿದ್ದರೆ ಹೊಸ ಡೇಟಾಬೇಸಿನಲ್ಲಿ ಯಾವ ಸಿಂಬಲ್ಲೂ ಇಲ್ಲದ ಕಾರಣ ಇಂಪೋರ್ಟ್ ಮುಗಿದಂತೆ ಕಂಡರೂ ಒಳಗೆ ಏನೂ ಬಂದಿರುವುದಿಲ್ಲ. ‘ಏನೋ ಆಗ್ತಿಲ್ಲ ಮಾರಾಯ್ರೆ’ ಎನ್ನುವವರಲ್ಲಿ ಹೆಚ್ಚಿನವರದ್ದು ಇದೇ.

5. ಈ ಸಂಯೋಜನೆಯನ್ನು ಹೆಸರು ಕೊಟ್ಟು ಉಳಿಸಿ, ಆಸ್ಕಿ ಇಂಪೋರ್ಟರ್‌ಗೆ ಸೇರಿಸುವ ಗುರುತು ಹಾಕಿ. ಮುಂದೆ ಫೈಲ್ ಮೆನುವಿನ ಇಂಪೋರ್ಟ್ ಆಸ್ಕಿಯಲ್ಲಿ ಅದೇ ಹೆಸರು ಆರಿಸಿದರಾಯಿತು.

ವಿಝರ್ಡ್ ಇಲ್ಲದೆ ಕೈಯಿಂದ ಬರೆಯುವವರು ಫಾರ್ಮ್ಯಾಟ್ಸ್ ಫೋಲ್ಡರಿನಲ್ಲಿ ತಮ್ಮ ಫಾರ್ಮ್ಯಾಟ್ ಫೈಲ್ ಇಟ್ಟರಷ್ಟೇ ಸಾಲದು. ಅಲ್ಲೇ ಇರುವ ಇಂಪೋರ್ಟ್ ಟೈಪ್ಸ್ ಫೈಲಿನಲ್ಲೂ ಒಂದು ಸಾಲು ಸೇರಿಸಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಹೆಸರೇ ಕಾಣದು. ಡೀಬಗ್ ಆಯ್ಕೆಗೆ 1 ಕೊಡಿ. ತಿರಸ್ಕೃತವಾದ ಪ್ರತಿ ಸಾಲೂ ಕಾರಣದ ಜೊತೆ ಇಂಪೋರ್ಟ್ ಲಾಗ್ ಫೈಲಿನಲ್ಲಿ ಬರುತ್ತದೆ. ಫೈಲಿನೊಳಗೆ ಟಿಕರ್ ಕಾಲಂ ಇಲ್ಲದಿದ್ದರೆ ಅಮಿಬ್ರೋಕರ್ ಫೈಲಿನ ಹೆಸರನ್ನೇ ಟಿಕರ್ ಎಂದು ತೆಗೆದುಕೊಳ್ಳುತ್ತದೆ, ಶೇರಿಗೊಂದು ಫೈಲ್ ಮಾಡಿದವರಿಗೆ ಅದು ಅನುಕೂಲ.

ಮೃತ ಶೇರುಗಳು

ಇಂದು ಟ್ರೇಡ್ ಆಗುತ್ತಿರುವ ಕಂಪನಿಗಳ ಪಟ್ಟಿ ತೆಗೆದುಕೊಂಡು ಅವುಗಳ ಹಳೆಯ ದರ ಮಾತ್ರ ತುಂಬಿದರೆ, ಮುಳುಗಿದವು, ವಿಲೀನವಾದವು ಪರೀಕ್ಷೆಗೇ ಬರುವುದಿಲ್ಲ. ನಮ್ಮ ಐದು ಬ್ಯಾಂಕುಗಳಲ್ಲಿ ಮೂರು ಇಂದಿನ ಪಟ್ಟಿಯಲ್ಲಿಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ. 2015ರಲ್ಲಿ ಬ್ಯಾಂಕ್ ಶೇರುಗಳ ತಂತ್ರ ನಡೆಸುತ್ತಿದ್ದವರ ಮುಂದೆ ಈ ಮೂರೂ ಇದ್ದವು. ನಿಮ್ಮ ಡೇಟಾಬೇಸಿನಲ್ಲೂ ಇರಬೇಕು. ದಿನದಿನದ ಭಾವ್‌ಕಾಪಿಯಿಂದ ಕಟ್ಟಿದವರಿಗೆ ಇದು ತಾನಾಗಿ ಬರುತ್ತದೆ. ಅಷ್ಟು ಸಾವಿರ ಫೈಲ್ ಇಳಿಸುವ ಕಷ್ಟಕ್ಕೆ ಇದೇ ಫಲ.

ಆದರೆ ವಿಲೀನದ ಶೇರಿನ ಸಾಲು ವಿಲೀನದ ದಿನಕ್ಕೆ ಕೆಲವು ದಿನ ಮೊದಲೇ ನಿಂತುಬಿಡುತ್ತದೆ. ಆಗ ತೆರೆದಿದ್ದ ಪೊಸಿಷನ್ (ಕೊಂಡು ಇನ್ನೂ ಮಾರದ ಶೇರು) ಕೊನೆಯ ದರದಲ್ಲೇ ವರ್ಷಗಟ್ಟಲೆ ಕೂತಿರುತ್ತದೆ, ಬಂಡವಾಳವನ್ನೂ ಹಿಡಿದಿಟ್ಟಿರುತ್ತದೆ. ಅಮಿಬ್ರೋಕರ್‌ನ ಇನ್ಫರ್ಮೇಷನ್ ಕಿಟಕಿಯಲ್ಲಿ ಡೀಲಿಸ್ಟಿಂಗ್ ಡೇಟ್ ಎಂಬ ಜಾಗವಿದೆ. ಅಲ್ಲಿ ಕೊನೆಯ ಟ್ರೇಡ್ ದಿನ ತುಂಬಿ, ಆ ದಿನ ಕಡ್ಡಾಯ ಎಕ್ಸಿಟ್ ಎಂದು ಸೂತ್ರದಲ್ಲಿ ಬರೆಯಿರಿ.

ದೀರ್ಘಾವಧಿ ಹೂಡಿಕೆಯ ಪರೀಕ್ಷೆಯಾದರೆ ಎಕ್ಸಿಟ್ ಬದಲು ವಿನಿಮಯದ ಲೆಕ್ಕ ಬೇಕು. 1,000 ವಿಜಯಾ ಬ್ಯಾಂಕ್ ಶೇರಿಗೆ 402 ಬ್ಯಾಂಕ್ ಆಫ್ ಬರೋಡಾ, 1,000 ಸಿಂಡಿಕೇಟ್‌ಗೆ 158 ಕೆನರಾ, 1,000 ಕಾರ್ಪೊರೇಷನ್‌ಗೆ 330 ಯೂನಿಯನ್ ಬ್ಯಾಂಕ್. ಸಿಂಡಿಕೇಟ್‌ನ ಲೆಕ್ಕದಲ್ಲಿ ಎಡವುವುದು ಸುಲಭ: 158 ಎಂಬುದು 2020ರ ₹10 ಮುಖಬೆಲೆಯ ಕೆನರಾ ಶೇರು. ನಿಮ್ಮ ಫೈಲಿನ ಕೆನರಾ ದರ 2024ರ ಸ್ಪ್ಲಿಟ್‌ಗೆ ಸರಿಹೊಂದಿಸಿದ್ದಾದರೆ ಐದರಿಂದ ಗುಣಿಸಿ 790 ಶೇರು ಎನ್ನಬೇಕು. ಇಲ್ಲದಿದ್ದರೆ ಹೂಡಿಕೆದಾರನ ಐದರಲ್ಲಿ ನಾಲ್ಕು ಪಾಲು ದುಡ್ಡು ಕಾಗದದ ಮೇಲೆ ಆವಿಯಾಗುತ್ತದೆ. ಮನೆಯ ಗೋದ್ರೆಜ್‌ನಲ್ಲಿ ಅಜ್ಜನ ಕಾಲದ ಸಿಂಡಿಕೇಟ್ ಸರ್ಟಿಫಿಕೇಟ್ ಇರುವವರು ಅದರ ಇಂದಿನ ಬೆಲೆ ಲೆಕ್ಕ ಹಾಕುವುದೂ ಹೀಗೆಯೇ.

ತುಂಬಿದ ಮೇಲೆ ತಾಳೆ

ಹೈ ಎಂಬುದು ಓಪನ್, ಕ್ಲೋಸ್ ಎರಡಕ್ಕಿಂತ ಕಡಿಮೆ ಇರಬಾರದು, ಲೋ ಹೆಚ್ಚಿರಬಾರದು. ಒಂದೇ ಶೇರಿಗೆ ಒಂದೇ ದಿನ ಎರಡು ಸಾಲು ಇರಬಾರದು. ಇದ್ದರೆ ಅದು ಎರಡು ಸೀರೀಸ್ ಬೆರೆತದ್ದು, ವಾಲ್ಯೂಮ್ ಹೆಚ್ಚಿರುವುದನ್ನು ಇಟ್ಟುಕೊಳ್ಳಿ. ವರ್ಷವಾರು ವಹಿವಾಟಿನ ದಿನ ಎಣಿಸಿ: 245ರ ಕೆಳಗೆ ಅಥವಾ 250ರ ಮೇಲೆ ಹೋದ ವರ್ಷವನ್ನು ಎಕ್ಸ್‌ಚೇಂಜ್‌ನ ರಜಾಪಟ್ಟಿಯೊಂದಿಗೆ ಹೋಲಿಸಿ.

ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) ಇಲ್ಲದ ಶೇರುಗಳಿಗೆ ಗರಿಷ್ಠ ಶೇಕಡಾ 20ರ ಸರ್ಕ್ಯೂಟ್ (ದಿನದ ಏರಿಳಿತದ ಮಿತಿ) ಇರುತ್ತದೆ. ಹಾಗಾಗಿ ಸರಿಹೊಂದಿಸಿದ ಫೈಲಿನಲ್ಲಿ ಅಂಥ ಶೇರು ಒಂದೇ ದಿನ 20ಕ್ಕಿಂತ ಹೆಚ್ಚು ಹಾರಿದ್ದರೆ ಅಥವಾ ಬಿದ್ದಿದ್ದರೆ, ಮೊದಲ ಅನುಮಾನ ಬಿಟ್ಟುಹೋದ ಬೋನಸ್, ಡಿಮರ್ಜರ್ (ಕಂಪನಿಯ ವಿಭಜನೆ) ಅಥವಾ ದಿನಾಂಕ ದೋಷದ ಮೇಲೆ ಇರಲಿ. ಇಂಥ ಸಾಲುಗಳ ಪಟ್ಟಿ ತೆಗೆದು ಒಂದೊಂದನ್ನೂ ಕಾರ್ಪೊರೇಟ್ ಆಕ್ಷನ್ ಪುಟದಲ್ಲಿ ನೋಡಿ. ಬೇಸರದ ಕೆಲಸ ಹೌದು. ಆದರೆ ಇದನ್ನು ಮಾಡದವರ ಬ್ಯಾಕ್‌ಟೆಸ್ಟನ್ನು ನಂಬಲು ಕಾರಣವಿಲ್ಲ.

ಹೋಲಿಕೆಗೆ ನಿಫ್ಟಿ ತುಂಬುವಾಗ, ನಿಮ್ಮ ಶೇರುಗಳಿಗೆ ಡಿವಿಡೆಂಡ್ ಸೇರಿಸಿದ್ದರೆ ನಿಫ್ಟಿಯದ್ದೂ ಡಿವಿಡೆಂಡ್ ಸೇರಿದ ಟೋಟಲ್ ರಿಟರ್ನ್ ಸೂಚ್ಯಂಕವೇ ಆಗಿರಬೇಕು.

ನಿಮಿಷದ ಡೇಟಾ

9.15ರಿಂದ 3.30ರವರೆಗೆ ದಿನಕ್ಕೆ 375 ಒಂದು ನಿಮಿಷದ ಕ್ಯಾಂಡಲ್ (ಆ ನಿಮಿಷದ ಓಪನ್, ಹೈ, ಲೋ, ಕ್ಲೋಸ್). ಬೆಳಿಗ್ಗೆ 3.45ಕ್ಕೆ ಮಾರುಕಟ್ಟೆ ತೆರೆದಂತೆ ಕಂಡರೆ ಸಮಯ ಯುಟಿಸಿಯಲ್ಲಿದೆ (ಅಂತಾರಾಷ್ಟ್ರೀಯ ಪ್ರಮಾಣ ಸಮಯ); ಐದೂವರೆ ಗಂಟೆ ಸೇರಿಸಿ. ಕ್ಯಾಂಡಲ್ ಮೇಲಿನ ಸಮಯ ಅದರ ಆರಂಭದ್ದೋ ಅಂತ್ಯದ್ದೋ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಮೊದಲ ಕ್ಯಾಂಡಲ್ 9.15 ಎಂದಿದ್ದರೆ ಆರಂಭ, 9.16 ಎಂದಿದ್ದರೆ ಅಂತ್ಯ. ಇದನ್ನು ತಪ್ಪಿದರೆ ತಂತ್ರ ಒಂದು ನಿಮಿಷ ಮುಂದಿನದನ್ನು ಕಂಡು ಟ್ರೇಡ್ ಮಾಡುತ್ತದೆ, ಫಲ ಅದ್ಭುತವಾಗಿರುತ್ತದೆ, ನಿಜವಲ್ಲ.

2010ರ ಜನವರಿಗೆ ಮೊದಲು ಮಾರುಕಟ್ಟೆ 9.55ಕ್ಕೆ ತೆರೆಯುತ್ತಿತ್ತು, ಆ ವರ್ಷದ ಅಕ್ಟೋಬರ್ 18ರಿಂದ 9.15. ‘9.15ಕ್ಕೆ ಮೊದಲಿನದ್ದನ್ನು ಅಳಿಸು’ ಎಂಬ ನಿಯಮ ನಡುವೆ ಒಂಬತ್ತು ಗಂಟೆಗೆ ತೆರೆಯುತ್ತಿದ್ದ ತಿಂಗಳುಗಳ ಮೊದಲ ಕಾಲು ಗಂಟೆಯನ್ನು ಕತ್ತರಿಸುತ್ತದೆ. 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ತಾಂತ್ರಿಕ ದೋಷದಿಂದ 11.40ರ ಹೊತ್ತಿಗೆ ನಿಂತು, 3.45ರಿಂದ 5ರವರೆಗೆ ಮತ್ತೆ ನಡೆಯಿತು. ಆ ಖಾಲಿ ಜಾಗ ನಿಜ, ತುಂಬಬೇಡಿ. ಮುಹೂರ್ತವೂ 2024ರಲ್ಲಿ ಸಂಜೆ ಆರಕ್ಕೆ, 2025ರಲ್ಲಿ ಮಧ್ಯಾಹ್ನ 1.45ಕ್ಕೆ ನಡೆದಿದೆ, ಸಮಯದ ಜರಡಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ.

ಬ್ರೋಕರ್ ಎಪಿಐಗಳು (ನಿಮ್ಮ ಪ್ರೋಗ್ರಾಂಗೆ ನೇರ ಡೇಟಾ ಕೊಡುವ ಸೇವೆ) ಒಮ್ಮೆಗೆ ಕೊಡುವ ಅವಧಿಗೆ ಮಿತಿ ಇರುತ್ತದೆ. ಝೆರೋಧಾದ ಕೈಟ್ ಕನೆಕ್ಟ್‌ನಲ್ಲಿ ನಿಮಿಷದ ಡೇಟಾ ಒಂದು ಕೋರಿಕೆಗೆ 60 ದಿನ. ಅವಧಿಗಳನ್ನು ತುಂಡರಿಸುವಾಗ ಗಡಿಯ ದಿನ ಎರಡು ಸಲ ಬರುತ್ತದೆ ಅಥವಾ ಬಿಟ್ಟುಹೋಗುತ್ತದೆ, ಎರಡು ಸಲ ಬಂದ ಸಾಲುಗಳನ್ನು ಅಳಿಸಿ ಎಣಿಸಿ. ‘ಎಂ&ಎಂ’ನಂಥ ಸಿಂಬಲ್ಲುಗಳಲ್ಲಿರುವ & ಚಿಹ್ನೆ ಜಾಲ ವಿಳಾಸದಲ್ಲಿ ಹೋಗುವಾಗ %26 ಆಗಬೇಕು, ಇಲ್ಲದಿದ್ದರೆ ಖಾಲಿ ಉತ್ತರ.

ಪೈಥಾನ್‌ನವರಿಗೆ

ಬ್ಯಾಕ್‌ಟ್ರೇಡರ್ ಎಂಬ ಪೈಥಾನ್ ಬ್ಯಾಕ್‌ಟೆಸ್ಟ್ ಲೈಬ್ರರಿಯ ಸಾಮಾನ್ಯ ಫೈಲ್ ಓದುವ ಭಾಗ ದಿನಾಂಕದ ಜೊತೆ ಗಂಟೆ, ನಿಮಿಷ, ಸೆಕೆಂಡೂ ಇದೆ ಎಂದು ಮೊದಲೇ ಭಾವಿಸಿರುತ್ತದೆ. ದಿನದ ಡೇಟಾಕ್ಕೆ ದಿನಾಂಕ ರೂಪವನ್ನು ನೀವೇ ಬರೆದು ಕೊಡಬೇಕು. ಓಪನ್ ಇಂಟರೆಸ್ಟ್ ಏಳನೆಯ ಕಾಲಂನಲ್ಲಿ ಹುಡುಕುತ್ತದೆ, ಶೇರಿಗೆ ಅದು ಇಲ್ಲ, ಅಲ್ಲಿ ಮೈನಸ್ 1 ಕೊಡಿ. ಸಾಲುಗಳು ಹಳೆಯದರಿಂದ ಹೊಸದಕ್ಕೆ ಇರಬೇಕು. ಅದು ತಾನಾಗಿ ಸರಿಪಡಿಸುವುದಿಲ್ಲ.

ದಿನನಿತ್ಯದ ಸೇರ್ಪಡೆ

ರಾತ್ರಿ ಒಂಬತ್ತರ ನಂತರ ಸ್ಕ್ರಿಪ್ಟ್ ಓಡುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಡಿ. ಮೊದಲು ಹೊಸ ಭಾವ್‌ಕಾಪಿ, ನಂತರ ಮರುದಿನ ಎಕ್ಸ್ ಆಗುವ ಬೋನಸ್, ಸ್ಪ್ಲಿಟ್, ರೈಟ್ಸ್ ಪಟ್ಟಿ. ಅದರಲ್ಲಿ ಹೆಸರಿರುವ ಶೇರಿನ ಪೂರ್ತಿ ಇತಿಹಾಸವನ್ನು ಎಕ್ಸ್-ಡೇಟ್‌ನ ರಾತ್ರಿ ಮತ್ತೆ ಬರೆಯಬೇಕು, ಇಂದಿನ ಸಾಲು ಸೇರಿಸಿದರೆ ಸಾಲದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವ ಗಳಿಗೆಯಲ್ಲಿ ಹೋಗುತ್ತದೆ ಹೇಳಲಾಗದು. ಬರೆಯುವ ನಡುವೆ ಹೋದರೆ ಅರ್ಧ ಫೈಲ್ ಉಳಿಯುತ್ತದೆ. ಆದ್ದರಿಂದ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಸಾಲು ಎಣಿಸಿ, ನಿನ್ನೆಯ ಸಂಖ್ಯೆಗೆ ಹತ್ತಿರವಿದ್ದರೆ ಮಾತ್ರ ನಿಜವಾದ ಹೆಸರಿಗೆ ಬದಲಿಸಿ. ವಾರಕ್ಕೊಮ್ಮೆ ಅಮಿಬ್ರೋಕರ್ ಮುಚ್ಚಿ ಡೇಟಾಬೇಸ್ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ತೆರೆದಿರುವಾಗ ನಕಲು ಮಾಡಿದರೆ ಮೆಮೊರಿಯಲ್ಲೇ ಉಳಿದ ಬದಲಾವಣೆಗಳು ನಕಲಿಗೆ ಬರುವುದಿಲ್ಲ.